ಆಲಿಕಲ್ಲು ಬೀಳದ ಎರಡು ಪಟ್ಟೆ

ಸೀಮೆಸುಣ್ಣವನ್ನು ಅಡ್ಡ ಮಲಗಿಸಿ ತಗಡಿನ ಮೇಲೆ ಹಗುರವಾಗಿ ಎಳೆದರೆ ಸಮವಿದ್ದ ಜಾಗವೆಲ್ಲ ಬೆಳ್ಳಗಾಗುತ್ತದೆ. ನೆಗ್ಗಿದ ಜಾಗ ಮಾತ್ರ ಕಪ್ಪಗೆ ಉಳಿಯುತ್ತದೆ. ಕಣ್ಣು ತಪ್ಪಿಸಿದ್ದನ್ನು ಸುಣ್ಣ ತಪ್ಪಿಸುವುದಿಲ್ಲ.

ವಿಮೆ ಕಂಪನಿಯ ಅಂದಾಜುಗಾರನು ಛಾವಣಿಯ ಅಂಚಿನಲ್ಲಿ ಬೋರಲು ಮಲಗಿ ಆ ಕೆಲಸವನ್ನೇ ಮಾಡುತ್ತಿದ್ದನು. ಮಳೆನೀರು ಹಿಡಿಯಲು ಸೂರಿನುದ್ದಕ್ಕೂ ಕಟ್ಟಿದ ತಗಡಿನ ದೋಣಿ ಅವನ ಗದ್ದದ ಕೆಳಗಿತ್ತು. ಪಡುವಣ ಗಾಳಿಗೆ ಓರೆಯಾಗಿ ನುಗ್ಗಿದ ಆಲಿಕಲ್ಲು ದೋಣಿಯ ಹೊರಮೈಯನ್ನು ಈ ತುದಿಯಿಂದ ಆ ತುದಿಗೆ ಜಜ್ಜಿತ್ತು. ಅದರಲ್ಲಿ ಬೆರಗೇನಿಲ್ಲ. ಈ ಬೀದಿಯ ಪ್ರತಿ ಮನೆಯ ಪಡುವಣ ದೋಣಿಯೂ ಹಾಗೆಯೇ ಇತ್ತು.

ಬೆರಗು ಇದ್ದದ್ದು ಅವನ ಕೈ ನಿಂತ ಜಾಗದಲ್ಲಿ.

"ಎಷ್ಟು ಹೊತ್ತೋ ಬಾಮೈದ? ದೋಣಿಗೆ ಮುತ್ತು ಕೊಡ್ತಿದ್ದೀಯೇನು?"

ಕೆಳಗಿನಿಂದ ಭಾವನ ದನಿ. ಅಕ್ಕನ ಗಂಡ, ಊರಿನ ಅರ್ಧ ಛಾವಣಿಗಳನ್ನು ಹೊದಿಸಿದ ಗುತ್ತಿಗೆದಾರ, ಈ ಮನೆಯ ಛಾವಣಿಯೂ ಅವನದೇ ಕೆಲಸ. ಅಂದಾಜುಗಾರನ ಏಣಿಯ ಕೀಲು ಮುರಿದಿದ್ದರಿಂದ ಇಂದು ತನ್ನ ಏಣಿಯನ್ನು ತಂದು, ಬುಡವನ್ನು ತಾನೇ ಹಿಡಿದು ನಿಂತಿದ್ದನು.

"ಬಂದೆ ಭಾವ. ಸ್ವಲ್ಪ ಇರಿ."

ಈ ಮನೆಯ ಯಜಮಾನ, ತಕ್ಕಡಿ ರಿಪೇರಿಯ ಅಜ್ಜ, ಇದೇ ಸೂರಿನ ಕೆಳಗೆ ಸತ್ತು ಬಿದ್ದು ವಾರವಾಗಿತ್ತು. ಏಣಿಯಿಂದ ಎಳೆದು ಕೆಡವಿದನೆಂದು ಅವನ ಕಿರಿಮಗ ಲಾಕಪ್ಪಿನಲ್ಲಿದ್ದನು.

ಅಂದಾಜುಗಾರನು ಸುಣ್ಣವನ್ನು ಮತ್ತೊಮ್ಮೆ ಎಳೆದನು.

ಆಲಿಕಲ್ಲು ಒಂದರಂತೆ ಒಂದಿರುವುದಿಲ್ಲ. ಕಡಲೆಯಷ್ಟು, ಗೋಲಿಯಷ್ಟು, ನಿಂಬೆಯಷ್ಟು, ಎಲ್ಲವೂ ಒಂದೇ ಮೋಡದಿಂದ ಉದುರುತ್ತವೆ. ಬಿದ್ದಲ್ಲಿ ಹಳೆಯ ಧೂಳನ್ನು ಒರೆಸಿ, ಗಾಳಿ ಹೋದ ದಿಕ್ಕಿಗೆ ಬಾಲ ಎಳೆದಂತೆ ಹೊಳಪು ಬಿಡುತ್ತವೆ. ಇಲ್ಲಿನ ನೆಗ್ಗುಗಳಿಗೆ ಬಾಲವಿರಲಿಲ್ಲ. ಎಲ್ಲವೂ ಒಂದೇ ಅಳತೆ, ಒಂದೇ ಆಳ. ಬಣ್ಣ ಉಂಗುರದಂತೆ ಬಿರಿದಿತ್ತು. ಸುತ್ತಲಿನ ಧೂಳು ಕದಲಿರಲಿಲ್ಲ.

ಗುಂಡುಮೂತಿಯ ಸುತ್ತಿಗೆ.

ಸುತ್ತಿಗೆಯ ನೆಗ್ಗು ಅವನಿಗೆ ಹೊಸದಲ್ಲ. ನಷ್ಟವನ್ನು ಹಿಗ್ಗಿಸಲು ಜನ ತಮ್ಮ ಮನೆಯ ತಲೆಗೆ ತಾವೇ ಬಡಿಯುತ್ತಾರೆ. ಆದರೆ ಅಂಥವರು ಪೆಟ್ಟು ಬೀಳದ ಮೂಡಣ ದೋಣಿಗೆ ಬಡಿದಾರು. ಆಗಲೇ ಜಜ್ಜಿಹೋದ ದೋಣಿಗೆ ಮತ್ತೆ ಬಡಿಯುವುದು ಸತ್ತ ಹಾವನ್ನು ಹೊಡೆದಂತೆ. ಅದರಿಂದ ಬರುವ ಲಾಭ ಸೊನ್ನೆ.

ಸೊನ್ನೆಗಾಗಿ ಯಾರೂ ಛಾವಣಿ ಹತ್ತುವುದಿಲ್ಲ. ಉತ್ತರ ಸೊನ್ನೆ ಬಂದರೆ ಲೆಕ್ಕದಲ್ಲಿ ಯಾವುದೋ ಹೆಜ್ಜೆ ಬಿಟ್ಟುಹೋಗಿದೆ ಎಂದರ್ಥ.

ಅವನು ದೋಣಿಯ ಉದ್ದಕ್ಕೂ ಕಣ್ಣಾಡಿಸಿದನು. ಸುತ್ತಿಗೆಯ ಗುರುತು ಎಲ್ಲೆಡೆ ಇರಲಿಲ್ಲ. ಎರಡೇ ಪಟ್ಟೆಗಳಲ್ಲಿತ್ತು. ಒಂದು ಪಟ್ಟೆ ಕಿರಿದು, ಇನ್ನೊಂದು ಕೊಂಚ ಅಗಲ. ಅವೆರಡರ ನಡುವೆ ಮತ್ತೆ ನಿಜವಾದ ಆಲಿಕಲ್ಲಿನ ನೆಗ್ಗುಗಳು, ಬಾಲಸಮೇತ.

ಪಟ್ಟೆಗಳ ನಡುವಿನ ದೂರ, ಏಣಿಯ ಎರಡು ಕಾಲುಗಳ ನಡುವಿನ ದೂರ.

ಅವನ ಬೆನ್ನಿನ ಮೇಲೆ ಬಿಸಿಲಿತ್ತು. ಆಲಿಕಲ್ಲು ಸುರಿಯುತ್ತಿದ್ದಾಗ ಇಲ್ಲಿ ಒಂದು ಏಣಿ ಒರಗಿತ್ತು. ಅದರ ಕಾಲುಗಳು ಮುಚ್ಚಿದ ಜಾಗ ನೆಗ್ಗದೆ ನುಣುಪಾಗಿ ಉಳಿಯಿತು. ಆ ನುಣುಪನ್ನು ಅಳಿಸಲು ಯಾರೋ ಸುತ್ತಿಗೆ ಹಿಡಿದು ಬಂದಿದ್ದರು.

ಇನ್ಸ್‌ಪೆಕ್ಟರರ ಲೆಕ್ಕ ಬೇರೆಯಿತ್ತು. ಹೆಣದ ಕೆಳಗೆ ಆಲಿಕಲ್ಲಿತ್ತು, ಹೆಣದ ಮೇಲೆ ಒಂದೂ ಇರಲಿಲ್ಲ. ಆದ್ದರಿಂದ ಮಳೆ ನಿಂತ ಮೇಲೆ ಅಜ್ಜ ಹಾನಿ ನೋಡಲು ಏಣಿ ಇಟ್ಟು ಹತ್ತಿದ್ದಾನೆ, ಬೆಳಿಗ್ಗೆ ಜಗಳವಾಡಿ ಹೊರಟಿದ್ದ ಕಿರಿಮಗ ಆಗ ಬಂದಿದ್ದಾನೆ. ಆಲಿಕಲ್ಲು ಬೀಳುವಷ್ಟು ಹೊತ್ತೂ ಆ ಹುಡುಗ ಬಸ್ ನಿಲ್ದಾಣದ ಮಾಡಿನ ಕೆಳಗೆ ಜನರ ನಡುವೆ ನಿಂತಿದ್ದನ್ನು ಪೊಲೀಸರೇ ಒಪ್ಪಿದ್ದರು. ಅಜ್ಜ ಸತ್ತದ್ದು ಆ ಹೊತ್ತಿನಲ್ಲಾದರೆ ಹುಡುಗ ನಿರಪರಾಧಿ. ಅದರ ಅನಂತರವಾದರೆ ಕೊಲೆಗಾರ. ನಾಳೆ ಬೆಳಿಗ್ಗೆ ಅವನನ್ನು ಕೋರ್ಟಿಗೆ ಒಯ್ಯುವವರಿದ್ದರು.

ಎರಡು ಪಟ್ಟೆ ತಗಡಿನ ಮೇಲೆ ಒಂದು ಜೀವ ನಿಂತಿತ್ತು.

ಏಳುವಾಗ ಅವನ ಕಣ್ಣು ಛಾವಣಿಯ ಮೂಲೆಗೆ ಬಿತ್ತು. ಸೂರಿನಿಂದ ಹೊರಚಾಚಿದ ತಗಡಿನ ಅಂಚಿನಲ್ಲಿ ಒಂದು ಚೌಕವನ್ನು ಕತ್ತರಿಸಿ ತೆಗೆಯಲಾಗಿತ್ತು. ನೇರವಾದ ಗೆರೆ, ಲಂಬವಾದ ಮೂಲೆ, ಅವಸರದ ಕೈಯಲ್ಲ. ಕತ್ತರಿಸಿದ ಅಂಚಿಗೆ ಇನ್ನೂ ತುಕ್ಕು ಹಿಡಿದಿರಲಿಲ್ಲ.

ತನ್ನ ಮನೆಯ ಛಾವಣಿಯ ತುಂಡನ್ನು ತಾನೇ ಕತ್ತರಿಸಿಕೊಳ್ಳುವವರು ಯಾರು?

*

"ಅವರೇ ಕತ್ತರಿಸಿದ್ದು," ಎಂದಳು ಅಜ್ಜಿ.

ಹಿತ್ತಿಲ ಶೆಡ್ಡಿನಲ್ಲಿ ಅಜ್ಜನ ಕೆಲಸದ ಮೇಜು ಹಾಗೆಯೇ ಇತ್ತು. ಹಿತ್ತಾಳೆಯ ತಟ್ಟೆಗಳು, ಸರಪಳಿಗಳು, ಮುಳ್ಳುಗಳು. ಒಂದು ತಕ್ಕಡಿ ಯಾವ ಭಾರವೂ ಇಲ್ಲದೆ ಸಮನಾಗಿ ನಿಂತಿತ್ತು. ಅಜ್ಜಿ ಅದನ್ನು ಸೆರಗಿನಿಂದ ಒರೆಸುತ್ತ ಮಾತಾಡಿದಳು. ಮುಟ್ಟಿದಾಗಲೆಲ್ಲ ಅದು ಅಲುಗಾಡಿ ಮತ್ತೆ ಸಮಕ್ಕೆ ಬರುತ್ತಿತ್ತು.

"ಯಾಕಜ್ಜಿ ಕತ್ತರಿಸಿದ್ರು?"

"ತೂಗೋಕೆ. ಇನ್ಯಾಕೆ? ಅವರಿಗೆ ಕೈಗೆ ಸಿಕ್ಕಿದ್ದೆಲ್ಲ ತಕ್ಕಡಿಗೆ ಹಾಕ್ಬೇಕು. ಮದುವೆಯಾದ ಹೊಸದ್ರಲ್ಲಿ ನನ್ನೂ ಕೂರಿಸಿ ತೂಗಿದ್ರು, ಪುಣ್ಯಾತ್ಮ." ಅಜ್ಜಿ ನಗಲಿಲ್ಲ, ಆದರೆ ಆ ಮಾತನ್ನು ನಕ್ಕುಕೊಂಡೇ ಹೇಳಿದ ದಿನಗಳು ಅವಳ ದನಿಯಲ್ಲಿದ್ದವು. "ಮಳೆ ಬಂದ್ರೆ ಛಾವಣಿ ಡೋಲು ಬಡಿದ ಹಾಗೆ ಬಡಿಯುತ್ತೆ, ಸದ್ದು ಸರಿಯಿಲ್ಲ ಅಂತಿದ್ರು. ತುಂಡು ತೂಗಿ ನೋಡಿ ನಕ್ಕರು. ‘ಜೀವಮಾನ ಎಲ್ಲಾ ಕಳ್ಳತಕ್ಕಡಿ ಪತ್ತೆ ಹಚ್ಚಿದವನ ತಲೆ ಮೇಲೇ ಕಳ್ಳತೂಕ ಕೂತಿದೆ ಕಣೇ’ ಅಂದ್ರು."

ಅಂದಾಜುಗಾರನಿಗೆ ಮುಖ ಎತ್ತಲಾಗಲಿಲ್ಲ. ಮೇಲೆ ಮಲಗಿದ್ದಾಗ ಅವನಿಗೂ ಅನಿಸಿತ್ತು. ಈ ಗಾತ್ರದ ಕಲ್ಲಿಗೆ ಇಷ್ಟು ಆಳದ ನೆಗ್ಗು ಸಲ್ಲದು. ದಪ್ಪ ತಗಡೆಂದು ಹೇಳಿ ತೆಳು ತಗಡು ಹೊದಿಸಿದ್ದರೆ ಮಾತ್ರ ಸಲ್ಲುತ್ತದೆ. ಹೊದಿಸಿದವನು ಅಂಗಳದಲ್ಲಿ ಏಣಿಗೆ ಒರಗಿ ನಿಂತಿದ್ದನು.

"ಆ ತುಂಡು ಎಲ್ಲಿದೆ?"

"ಮೇಜಿನ ಮೇಲೇ ಇತ್ತು. ಈಗಿಲ್ಲ. ಹೆಣ ಎತ್ತೋ ಗಲಾಟೇಲಿ ಎಷ್ಟು ಜನ ಬಂದ್ರೋ, ಏನೇನು ಹೋಯ್ತೋ."

"ಆಮೇಲೆ ಛಾವಣಿ ಯಾರು ಹತ್ತಿದ್ರು ಅಜ್ಜಿ? ನೆನಪು ಮಾಡ್ಕೊಂಡು ಹೇಳಿ."

"ನನ್ನ ದೊಡ್ಡ ಮಗ ಹತ್ತಿದ್ದ, ಹಂಚು ನೋಡ್ತೀನಿ ಅಂತ. ಹಂಚೆಲ್ಲಿದೆ ಮಣ್ಣು! ತಗಡು ಅಂತ್ಲೂ ನೆನಪಿಲ್ಲ ಅವನಿಗೆ, ಅಪ್ಪ ಹೋದ ದುಃಖದಲ್ಲಿ. ಆಮೇಲೆ ನಿಮ್ಮ ಭಾವ ಬಂದ್ರು. ಸೋರ್ತಿರೋ ಕಡೆ ಟಾರ್ಪಾಲ್ ಹಾಕಿ ಹೋದ್ರು. ಕಾಸು ಕೊಡ್ತೀನಿ ಅಂದ್ರೆ ಬೇಡ ಅಂದ್ರು. ದೇವರಂಥ ಮನುಷ್ಯ."

ಗೋಡೆಗೆ ಒರಗಿಸಿದ್ದ ಮನೆಯ ಏಣಿಯ ಕಡೆ ಅಂದಾಜುಗಾರನು ಹೋದನು. ಅಜ್ಜನ ಹೆಣದ ಪಕ್ಕದಲ್ಲಿ, ಸೂರಿಗೆ ಒರಗಿದ್ದದ್ದು ಇದೇ. ಪೊಲೀಸರು ಅಳೆದು, ಫೋಟೋ ತೆಗೆದು, ಹಿಂದಿರುಗಿಸಿದ್ದರು. ಅಲ್ಯೂಮಿನಿಯಮ್ಮಿನ ಹಗುರ ಏಣಿ. ಅವನು ಜೇಬಿನಿಂದ ಸುಣ್ಣ ತೆಗೆದು ಅದರ ಕಾಲಿನ ಮೇಲೆ, ಮೆಟ್ಟಿಲುಗಳ ಮೇಲೆ ಎಳೆದನು.

ಎಲ್ಲವೂ ಬೆಳ್ಳಗಾಯಿತು. ಒಂದು ಕಪ್ಪು ಚುಕ್ಕೆ ಇಲ್ಲ.

ಅವನು ಗೇಣು ಹಾಕಿದನು. ಮೇಲಿನ ಪಟ್ಟೆಗಳ ನಡುವಿನ ದೂರಕ್ಕಿಂತ ಇದರ ಅಗಲ ಸ್ಪಷ್ಟವಾಗಿ ಕಡಿಮೆ.

ಅಂದರೆ ಆಲಿಕಲ್ಲು ಬೀಳುವಾಗ ಈ ಏಣಿ ಶೆಡ್ಡಿನಲ್ಲಿತ್ತು. ಹೊರಗೆ ಇದ್ದದ್ದು ಬೇರೊಬ್ಬರ ಏಣಿ. ಮಳೆ ನಿಂತ ಮೇಲೆ ಆ ಏಣಿ ಹೋಯಿತು, ಈ ಏಣಿ ಬಂತು. ಹೆಣವೂ ಆ ಹೊತ್ತಿನವರೆಗೆ ಜಗಲಿಯ ಮಾಡಿನ ಕೆಳಗೆ ಎಲ್ಲೋ ನೆನೆಯದೆ ಮಲಗಿದ್ದು, ಆಮೇಲೆ ಆಲಿಕಲ್ಲಿನ ಮೇಲೆ ಬಂದು ಮಲಗಿತು.

"ಏನಾದ್ರೂ ಸಿಕ್ತಾ ಮಗಾ?" ಅಜ್ಜಿ ತಕ್ಕಡಿಯನ್ನು ಒರೆಸುವುದನ್ನು ನಿಲ್ಲಿಸಿದ್ದಳು. "ನನ್ನ ಚಿಕ್ಕೋನು ಬಾಯಿ ಜೋರು, ಒಪ್ಕೋತೀನಿ. ಅಪ್ಪನ ಜೊತೆ ಕಿತ್ತಾಡ್ತಿದ್ದ. ಆದ್ರೆ ಆ ದಿನ, ಮನೇಲಿ ನಾನೂ ಇಲ್ಲದ ಹೊತ್ತಲ್ಲಿ, ಓಡಿಬಂದು ಅಪ್ಪನ ಬಾಯಿಗೆ ನೀರು ಬಿಟ್ಟಿದ್ದೂ ಅವನೇ. ಸತ್ತ ಬಾಯಿ ನೀರು ಕುಡಿಯುತ್ತಾ? ಅಷ್ಟೂ ತಿಳೀದ ಹುಡುಗ ಕೊಲೆ ಮಾಡ್ತಾನಾ?"

"ನಾನು ಇವತ್ತೇ ಇನ್ಸ್‌ಪೆಕ್ಟರ್ ಹತ್ರ ಹೋಗ್ತೀನಿ ಅಜ್ಜಿ. ಮೇಲೆ ಹೋಗಿ ಅಳತೆ ಇಟ್ಟು ಫೋಟೋ ತೆಗೆದು ಬರ್ತೀನಿ. ಅದಿಲ್ದೆ ನನ್ನ ಮಾತು ಬರೀ ಮಾತು."

*

"ಮುಗೀತಲ್ಲ?" ಎಂದನು ಭಾವ. "ದೋಣಿ ಪೂರ್ತಿ ಹೋಗಿದೆ, ತಗಡು ಅರ್ಧ ಹೋಗಿದೆ. ಬರ್ದು ಮುಗ್ಸು. ನಿಮ್ಮಕ್ಕ ಊಟಕ್ಕೆ ಕಾಯ್ತಿದ್ದಾಳೆ."

"ಭಾವ, ತಗಡು ಎಷ್ಟು ದಪ್ಪದ್ದು ಹಾಕಿದ್ರಿ?"

ಭಾವನು ಏಣಿಯಿಂದ ಕೈ ತೆಗೆಯಲಿಲ್ಲ. ಮುಖ ಮಾತ್ರ ತಿರುಗಿಸಿದನು.

"ಓಹೋ. ಬಾಮೈದ ಈಗ ನನ್ನ ಮೇಲೇ ಸರ್ವೇಗೆ ಬಂದ್ರು."

"ಕೇಳಿದ್ದಕ್ಕೆ ಹೇಳಿ."

"ಒಂದು ನಂಬರ್ ಕಡಿಮೆ ಹಾಕಿದ್ದೀನಿ. ಎಲ್ಲಾರೂ ಹಾಕ್ತಾರೆ. ಹಾಕ್ದಿದ್ರೆ ನಿಮ್ಮಕ್ಕನ ಮನೆ ಒಲೆ ಉರಿಯಲ್ಲ. ನಿನ್ನನ್ನ ಓದಿಸಿದ್ದೂ ಇಂಥ ತಗಡೇ. ಆಗ ದಪ್ಪ ಕೇಳಿದ್ಯಾ?"

ಅಂದಾಜುಗಾರನು ತಾಯಿ ಸತ್ತ ವರ್ಷದಿಂದ ಅಕ್ಕನ ಮನೆಯಲ್ಲಿ ಬೆಳೆದವನು. ಛಾವಣಿಯ ಮೇಲೆ ಹೆದರದೆ ನಿಲ್ಲುವುದನ್ನು ಕಲಿಸಿದವನು ಈ ಭಾವನೇ. ‘ಮೂರು ಅಂಗ ಸದಾ ಏಣಿಯ ಮೇಲೆ. ಎರಡು ಕಾಲು ಒಂದು ಕೈ, ಇಲ್ಲ ಎರಡು ಕೈ ಒಂದು ಕಾಲು. ನಾಲ್ಕನೇದು ಮಾತ್ರ ನಿನ್ನದು.’ ಹನ್ನೆರಡರ ವಯಸ್ಸಿನಲ್ಲಿ ಕೇಳಿದ ಪಾಠ. ಇಂದಿಗೂ ಅದರ ಹೊರತು ಅವನು ಮೆಟ್ಟಿಲಿಗೆ ಪಾದವಿಟ್ಟವನಲ್ಲ. ಬೆಳಿಗ್ಗೆ ಅಕ್ಕ ಫೋನಿನಲ್ಲಿ, "ನಿಮ್ಮ ಭಾವ ವಾರದಿಂದ ತಟ್ಟೆ ಮುಂದೆ ಸುಮ್ನೆ ಕೂತೆದ್ದು ಹೋಗ್ತಾರೆ ಕಣೋ, ಏನಂತ ಕೇಳು," ಎಂದಿದ್ದಳು. ತೆಳು ತಗಡಿನ ಬೀದಿಯ ಮೇಲೆ ಆಲಿಕಲ್ಲು ಸುರಿದರೆ ಯಾವ ಗುತ್ತಿಗೆದಾರನಿಗೆ ಅನ್ನ ಇಳಿಯುತ್ತದೆ ಎಂದು ಅವನು ಈಗ ಅಂದುಕೊಂಡನು.

"ತಗಡಿನ ಮಾತು ಆಮೇಲೆ," ಎಂದನು. "ದೋಣಿಗೆ ಯಾರೋ ಸುತ್ತಿಗೇಲಿ ಹೊಡೆದಿದ್ದಾರೆ."

"ಕ್ಲೇಮು ಹಿಗ್ಗಿಸೋಕೆ ಹೊಡೆದಿರ್ತಾರೆ. ಹಿರೀ ಮಗ ಕಾರ್ ಗ್ಯಾರೇಜಲ್ಲಿ ಟಿಂಕರ್ ಅಲ್ವಾ? ತೊಟ್ಟಿಲಲ್ಲೇ ಸುತ್ತಿಗೆ ಹಿಡಿದೋನು."

"ಟಿಂಕರ್ ಚಪ್ಪಟೆ ಮೂತಿ ಸುತ್ತಿಗೆ ಹಿಡೀತಾನೆ ಭಾವ. ಅವನ ಕಸುಬು ನೆಗ್ಗು ತೆಗೆಯೋದು, ಹಾಕೋದಲ್ಲ. ಅದೂ ಅಲ್ಲದೆ ಹಾಳಾಗಿರೋ ದೋಣೀನೇ ಯಾಕೆ ಹಾಳು ಮಾಡ್ತಾನೆ?"

"ದುಃಖದಲ್ಲಿರೋನಿಗೆ ಮೂಡಣ ಯಾವುದು, ಪಡುವಣ ಯಾವುದು!"

"ಇದು ದುಃಖದಲ್ಲಿ ಹೊಡೆದಿದ್ದಲ್ಲ. ಏಣಿ ಒರಗಿದ್ದ ಜಾಗ ನುಣ್ಣಗೆ ಉಳಿಯುತ್ತೆ, ಅದನ್ನ ಯಾರಾದ್ರೂ ಓದ್ತಾರೆ ಅಂತ ಗೊತ್ತಿದ್ದೋನು ಹೊಡೆದಿದ್ದು. ಇನ್ಸ್‌ಪೆಕ್ಟರ್‌ಗೆ ಅದು ಗೊತ್ತಿಲ್ಲ. ಆ ಮಗನಿಗೂ ಗೊತ್ತಿಲ್ಲ. ನಮ್ಮ ಕಸುಬಿನೋರಿಗೆ ಮಾತ್ರ ಗೊತ್ತು."

ಮಾತು ಬಾಯಿಂದ ಹೊರಬಿದ್ದಿತು. ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆಂದು ಅವನು ಆಡುವಾಗ ಲೆಕ್ಕ ಹಾಕಿರಲಿಲ್ಲ. ನಮ್ಮ ಕಸುಬಿನವರು ಎಂದರೆ ಈ ಊರಿನಲ್ಲಿ ಬೆರಳೆಣಿಕೆಯ ಜನ.

ಭಾವನು ಏಣಿಯ ಬುಡವನ್ನು ನೆಲಕ್ಕೆ ಒತ್ತಿ ಸರಿಮಾಡಿದನು. ಆಮೇಲೆ ನಕ್ಕನು.

"ಕುಂಬಳಕಾಯಿ ಕಳ್ಳ ಅಂದ್ರೆ ನಾನೂ ಹೆಗಲು ಮುಟ್ಟಿ ನೋಡ್ಕೋಬೇಕೇನು? ಹೋಗು, ಫೋಟೋ ತೆಗೀಬೇಕಿದ್ರೆ ತೆಗಿ. ಏಣಿ ನಾನು ಹಿಡ್ಕೋತೀನಿ. ಚೀಲ ಕೆಳಗೇ ಇರ್ಲಿ, ಭಾರ ಯಾಕೆ."

ಅಂದಾಜುಗಾರನು ಚೀಲವನ್ನು ಕೆಳಗಿಟ್ಟನು. ಫೋನು ಅದರಲ್ಲಿತ್ತು. ಕ್ಯಾಮೆರಾವನ್ನು ಕೊರಳಿಗೆ, ಟೇಪನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತಿದನು. ಬೆಳಿಗ್ಗೆಯೂ ಹತ್ತಿದ್ದ ಏಣಿ. ಅಂಗೈಗೆ ಕಾಲಿನ ಮೈ ಒರಟಾಗಿ ತಾಗಿತು. ಹಳೆಯ ಏಣಿ, ದುಡಿದ ಏಣಿ ಎಂದು ಬೆಳಿಗ್ಗೆ ಅಂದುಕೊಂಡಂತೆಯೇ ಈಗಲೂ ಅಂದುಕೊಂಡನು.

*

ಟೇಪು ಹಿಡಿದು ಪಟ್ಟೆಗಳನ್ನು ಅಳೆದನು. ಒಂದು ಎರಡು ಬೆರಳಗಲ. ಇನ್ನೊಂದು ಮೂರು ಬೆರಳಗಲಕ್ಕೂ ಹೆಚ್ಚು.

ಇದು ಅವನನ್ನು ಕಾಡಿತು. ಏಣಿಯ ಎರಡು ಕಾಲುಗಳು ಒಂದೇ ಅಚ್ಚಿನವು. ನೆರಳುಗಳು ಮಾತ್ರ ಹೇಗೆ ಬೇರೆಯಾದವು? ಒಂದು ಕಾಲಿಗೆ ಏನಾದರೂ ಸುತ್ತಿರಬೇಕು. ಸೂರಿಗೆ ಒರಗುವ ಎತ್ತರದಲ್ಲಿ, ಒಂದೇ ಕಾಲಿಗೆ.

ಅವನು ತಲೆಯೆತ್ತಿದನು. ತೋಳಳತೆಯ ದೂರದಲ್ಲಿ ಅವನು ಹತ್ತಿಬಂದ ಏಣಿ ಅದೇ ದೋಣಿಗೆ ಒರಗಿತ್ತು.

ದೋಣಿಗೆ ಗೀರು ಬೀಳಬಾರದೆಂದು ಏಣಿಯ ಕಾಲುಗಳಿಗೆ ಹಳೆಯ ಟೈರಿನ ರಬ್ಬರ್ ಸುತ್ತುವುದು ಭಾವನ ಪದ್ಧತಿ. ಬೇರೆ ಗುತ್ತಿಗೆದಾರರು ಅದಕ್ಕೆ ನಗುತ್ತಿದ್ದರು. ಬಲಗಾಲಿಗೆ ರಬ್ಬರ್ ಬಿಗಿಯಾಗಿತ್ತು. ಎಡಗಾಲಿನ ಸುತ್ತು ಎಂದೋ ಕಳಚಿಹೋಗಿ ಬರಿಯ ಲೋಹ ಉಳಿದಿತ್ತು.

ಒಂದು ಕಿರಿದು. ಒಂದು ಅಗಲ.

ಅವನು ಟೇಪನ್ನು ಏಣಿಯ ಅಡ್ಡಕ್ಕೆ ಹಿಡಿದನು. ನಂಬಲಾಗದೆ ಎರಡನೆಯ ಸಲವೂ ಹಿಡಿದನು. ಎರಡು ಸಲವೂ ಒಂದೇ ಉತ್ತರ.

ಸುತ್ತಿಗೆ ಹಿಡಿದವನು ಛಾವಣಿಯನ್ನು ನೋಡಿದ್ದನು, ದೋಣಿಯನ್ನು ನೋಡಿದ್ದನು. ಹಾನಿಯನ್ನು ಓದುವವರು ಅವೆರಡನ್ನೇ ಓದುತ್ತಾರೆ. ಏಣಿಯ ಮೇಲೆ ನಿಂತು ಎಲ್ಲವನ್ನೂ ನೋಡುತ್ತಾರೆ. ಏಣಿಯನ್ನು ಯಾರೂ ನೋಡುವುದಿಲ್ಲ. ಬೆಳಗಿನಿಂದ ತಾನೂ ನೋಡಿರಲಿಲ್ಲ.

ಜೇಬಿನಲ್ಲಿ ಸುಣ್ಣದ ತುಂಡು ಇನ್ನೂ ಇತ್ತು.

ಎಳೆಯದಿದ್ದರೆ ತನಗೆ ಏನೂ ಗೊತ್ತಿಲ್ಲ. ಇಳಿದು ಹೋಗಿ, ದೋಣಿ ಪೂರ್ತಿ ಹಾಳು ಎಂದು ಬರೆದು, ಅಕ್ಕನ ಮನೆಯಲ್ಲಿ ಊಟ ಮಾಡಬಹುದು. ‘ಹತ್ತಿದ ಏಣಿ ಒದೀಬಾರ್ದು ಕಣೋ,’ ಎಂದು ಅವಳು ಎಷ್ಟು ಸಲ ಹೇಳಿಲ್ಲ! ನಾಳೆ ಬೆಳಿಗ್ಗೆ ಸತ್ತ ಬಾಯಿಗೆ ನೀರು ಬಿಟ್ಟ ಹುಡುಗನೊಬ್ಬ ಕೋರ್ಟಿನ ಮೆಟ್ಟಿಲು ಹತ್ತುತ್ತಾನೆ. ಎರಡು ತಟ್ಟೆ. ಮುಳ್ಳು ಎತ್ತ ಬಾಗಬೇಕೆಂದು ಹೇಳಲು ಅಜ್ಜ ಇಲ್ಲ.

ಅವನು ಕೈಯನ್ನು ಹೊರಗಿನಿಂದ ಬಳಸಿ, ಏಣಿಯ ಕಾಲಿನ ಹೊರಮೈ ಮೇಲೆ ಸುಣ್ಣವನ್ನು ಉದ್ದಕ್ಕೆ ಎಳೆದನು.

ಕಪ್ಪು ಚುಕ್ಕೆಗಳು ಎದ್ದವು. ಕಡಲೆಯಷ್ಟು, ಗೋಲಿಯಷ್ಟು, ನಿಂಬೆಯಷ್ಟು.

ಕೆಳಗೆ ಫೋನು ಗುಣುಗುಣಿಸಿತು. ಚೀಲದ ಜಿಪ್ಪು ಎಳೆದ ಸದ್ದು.

"ಹೂಂ ಕಣೇ, ಇಲ್ಲೇ ಇದ್ದಾನೆ ನಿನ್ನ ತಮ್ಮ. ಮೇಲಿದ್ದಾನೆ. ಬರ್ತೀವಿ. ಫೋನ್ ಮಡಗು." ಭಾವನ ದನಿ ಮೆದುವಾಗಿತ್ತು. ಸ್ವಲ್ಪ ಹೊತ್ತಿಗೆ ಮತ್ತೆ, ಇನ್ನಷ್ಟು ಮೆದುವಾಗಿ: "ಅಜ್ಜೀ, ಬಿಸಿಲಲ್ಲಿ ಯಾಕೆ ನಿಂತಿದ್ದೀರಿ? ಒಳಗೆ ಹೋಗಿ ನಮ್ಮಿಬ್ರಿಗೆ ಒಂದೊಂದು ಲೋಟ ಟೀ ಮಾಡಿ. ಅವಸರ ಇಲ್ಲ, ನಿಧಾನಕ್ಕೆ ಮಾಡಿ."

ಬಾಗಿಲು ಮುಚ್ಚಿಕೊಂಡಿತು.

ಅಂದಾಜುಗಾರನು ದೋಣಿಯಾಚೆ ಕತ್ತು ಚಾಚಿದನು. ಅವನು ಎಳೆದ ಸುಣ್ಣದ ಪುಡಿ ಗಾಳಿಯಿಲ್ಲದ ಅಂಗಳಕ್ಕೆ ನೇರವಾಗಿ ಇಳಿದಿತ್ತು. ಭಾವನ ಕಪ್ಪು ಅಂಗಿಯ ಹೆಗಲಿನ ಮೇಲೆ ಅದು ತೆಳ್ಳಗೆ ಕೂತಿತ್ತು. ಭಾವನು ಅದನ್ನು ನೋಡಿದನು. ಒಂದು ಬೆರಳಿನಿಂದ ಮುಟ್ಟಿದನು. ಹೆಬ್ಬೆರಳಿಗೆ ಉಜ್ಜಿ ನೋಡಿದನು. ಸೀಮೆಸುಣ್ಣ ಏನು ಹೇಳುತ್ತದೆಂದು ಅವನಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

"ಏಣೀನೂ ನೋಡ್ದೆಯಾ ಬಾಮೈದ?"

ಅಂದಾಜುಗಾರನು ಸುಣ್ಣವನ್ನು ಜೇಬಿಗಿಟ್ಟನು.

"ಅಜ್ಜ ತಾನಾಗೇ ಜಾರಿದ ಅಂದ್ರೆ ನಂಬ್ತೀಯಾ?"

"ನಾನು ನಂಬ್ಬೇಕಿದ್ರೆ, ನೀವು ಆ ಹುಡುಗನ್ನ ಲಾಕಪ್ಪಿಗೆ ಹೋಗೋಕೆ ಬಿಡಬಾರ್ದಿತ್ತು ಭಾವ."

ಭಾವನು ತಲೆಯಾಡಿಸಿದನು, ಒಪ್ಪಿದಂತೆಯೂ ಇತ್ತು, ಲೆಕ್ಕ ಮುಗಿಸಿದಂತೆಯೂ ಇತ್ತು. ಬಾಗಿ ತನ್ನ ಕೆಲಸದ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕಿದನು.

ಛಾವಣಿಯಿಂದ ಇಳಿಯಲು ಬೇರೆ ದಾರಿಯಿರಲಿಲ್ಲ. ತೆಳು ತಗಡು ಅಂದಾಜುಗಾರನ ಮೊಣಕಾಲಿನ ಕೆಳಗೆ ಟಣ್ಣೆಂದು ಬಾಗಿತು.

ಏಣಿಯ ಮೊದಲ ಮೆಟ್ಟಿಲು ಕಿರುಗುಟ್ಟಿತು. ಆಮೇಲೆ ಎರಡನೆಯದು. ಭಾವನು ಹತ್ತುತ್ತಿದ್ದನು, ಎಂದಿನಂತೆ, ತಾನು ಕಲಿಸಿದಂತೆ: ಎರಡು ಕಾಲು, ಒಂದು ಕೈ, ಮೂರು ಅಂಗ ಏಣಿಯ ಮೇಲೆ.

ನಾಲ್ಕನೆಯದರಲ್ಲಿ ಗುಂಡುಮೂತಿಯ ಸುತ್ತಿಗೆಯಿತ್ತು.